ಕಾದಂಬರಿ ಕೈಬಿಡುವುದಿಲ್ಲ, ಕಾಯ್ದೆ ಪುಸ್ತಕ ತಲೆಗೆ ಹತ್ತುವುದಿಲ್ಲ: ಯಾಕೆ?

ಪ್ರಶ್ನೆ: ಮೇಡಂ, ನಾನು ಶಿರಸಿ ಹತ್ತಿರದ ಒಂದು ಸೇವಾ ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 39. ಬಡ್ತಿ ಪರೀಕ್ಷೆಗೆ ಸಹಕಾರ ಕಾಯ್ದೆ ಓದಬೇಕಾಗಿದೆ. ಆಫೀಸು, ಅಡುಗೆ, ಊಟ ಎಲ್ಲ ಮುಗಿದ ಮೇಲೆ ರಾತ್ರಿ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೇ ತೂಕಡಿಕೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತೇನೆ, ತಲೆಗೆ ಹೋಗುವುದಿಲ್ಲ. ಅದೇ ರಾತ್ರಿ ಕಾದಂಬರಿ ಹಿಡಿದರೆ ಒಂದು ಗಂಟೆಯಾದರೂ ಕೆಳಗಿಡಲು ಮನಸ್ಸು ಬರುವುದಿಲ್ಲ. ಆಫೀಸಿಗೆ ಬರುವ ಸುತ್ತೋಲೆಗಳದ್ದೂ ಇದೇ ಕಥೆ. ಎಂಟನೇ ತರಗತಿಯಲ್ಲಿರುವ ಮಗ ಕೂಡ ಕಥೆ ಪುಸ್ತಕ ನುಂಗುತ್ತಾನೆ, ವಿಜ್ಞಾನದ ಪಾಠ ತೆರೆದರೆ ಆಕಳಿಸುತ್ತಾನೆ. ಇದು ಏಕಾಗ್ರತೆಯ ತೊಂದರೆಯೋ, ಮೊಬೈಲಿನಿಂದ ಆದದ್ದೋ, ವಯಸ್ಸೋ, ಅಥವಾ ಬರೀ ಸೋಮಾರಿತನವೋ?

ಉತ್ತರ: ಸೋಮಾರಿತನ ಅಲ್ಲ. ಏಕಾಗ್ರತೆ ಹೋಗಿದೆಯೇ ಎಂಬ ಸಂಶಯಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ. ಇಡೀ ದಿನ ದುಡಿದು ದಣಿದವರು ರಾತ್ರಿ ಒಂದು ಗಂಟೆಯವರೆಗೆ ಕಾದಂಬರಿಯಲ್ಲಿ ಮುಳುಗಿರುತ್ತಾರೆ ಎಂದರೆ ಅವರಲ್ಲಿ ಏಕಾಗ್ರತೆ ಬೇಕಾದಷ್ಟಿದೆ. ಕಣ್ಣು ಅದೇ, ಅಕ್ಷರ ಅದೇ, ದೀಪವೂ ಅದೇ. ಎರಡು ಓದುಗಳು ನಿಮ್ಮಿಂದ ಮಾಡಿಸುವ ಕೆಲಸ ಮಾತ್ರ ಬೇರೆ ಬೇರೆ. ಬಿ.ಎಡ್. ವಿದ್ಯಾರ್ಥಿಗಳಿಗೆ ಶೈಕ್ಷಣಿಕ ಮನೋವಿಜ್ಞಾನ ಕಲಿಸುವವಳು ನಾನು. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಕೂಡ ವರ್ಷಾವರ್ಷ ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವ ಮಾತು ಇದು: ಕಾದಂಬರಿ ಓದುವಾಗ ‘ಮುಂದೇನು?’ ಎಂಬ ಪ್ರಶ್ನೆ ನಿಮ್ಮದು. ಪಠ್ಯ ಓದುವಾಗ ಪ್ರಶ್ನೆ ಇನ್ಯಾರದ್ದೋ, ಅದು ಏನೆಂದು ನಿಮಗೆ ಗೊತ್ತೂ ಇರುವುದಿಲ್ಲ. ಉಳಿದ ಕಷ್ಟಗಳೂ ಇವೆ, ಒಂದೊಂದಾಗಿ ಹೇಳುತ್ತೇನೆ. ಆದರೆ ಬೇರು ಇರುವುದು ಇಲ್ಲಿ.

ಮೊದಲು ಬರಹದ ಭಾರದ ವಿಷಯ. ನಿಮ್ಮ ಕೈಯಲ್ಲಿರುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959. ಅದರಲ್ಲಿ ಸೆಕ್ಷನ್ 70 ತೆಗೆಯಿರಿ, ವಿವಾದಗಳಿಗೆ ಸಂಬಂಧಪಟ್ಟದ್ದು. ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಎಂದು ಶುರುವಾಗುತ್ತದೆ. ಆಮೇಲೆ ಸಂಘದ ರಚನೆ, ಆಡಳಿತ ಅಥವಾ ವ್ಯವಹಾರಕ್ಕೆ ಸಂಬಂಧಿಸಿದ ವಿವಾದ ಯಾರ ಯಾರ ನಡುವೆ ಎಂಬ ಪಟ್ಟಿ ಬರುತ್ತದೆ: ಸದಸ್ಯರು, ಹಿಂದಿನ ಸದಸ್ಯರು, ತೀರಿಹೋದ ಸದಸ್ಯರ ಮೂಲಕ ಹಕ್ಕು ಕೇಳುವವರು. ಆಮೇಲೆ ಸದಸ್ಯ ಒಂದು ಕಡೆ. ಸಂಘ, ಅದರ ಸಮಿತಿ, ಅಧಿಕಾರಿ, ಏಜೆಂಟ್, ನೌಕರ ಇನ್ನೊಂದು ಕಡೆ. ಆಮೇಲೆ ಸಂಘ ಮತ್ತು ಹಿಂದಿನ ಸಮಿತಿ. ಆಮೇಲೆ ಒಂದು ಸಂಘ ಮತ್ತು ಇನ್ನೊಂದು ಸಂಘ. ಇಷ್ಟೆಲ್ಲ ದಾಟಿದ ಮೇಲೆ ಕಟ್ಟಕಡೆಗೆ ಮುಖ್ಯ ಮಾತು: ಅಂಥ ವಿವಾದವನ್ನು ನಿಬಂಧಕರ (ಸಹಕಾರ ಸಂಘಗಳ ರಿಜಿಸ್ಟ್ರಾರ್) ತೀರ್ಮಾನಕ್ಕೆ ಒಪ್ಪಿಸಬೇಕು, ನ್ಯಾಯಾಲಯಕ್ಕೆ ಅದನ್ನು ವಿಚಾರಿಸುವ ಅಧಿಕಾರವಿಲ್ಲ.

ಕೊನೆಯ ಮಾತು ಬರುವವರೆಗೂ ಮೇಲಿನ ಪಟ್ಟಿಯನ್ನೆಲ್ಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಇರಬೇಕು. ಮನುಷ್ಯರಿಗೆ ಇದು ಸುಲಭವಲ್ಲ. ಒಂದೇ ಹೊತ್ತಿಗೆ ನಾವು ಮನಸ್ಸಿನಲ್ಲಿ ಹಿಡಿದಿಡಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಇನ್ನೂ ಇಳಿಸಿ, ಹೆಚ್ಚೆಂದರೆ ನಾಲ್ಕು ಎಂದು ವಾದಿಸಿದರು. ಇದನ್ನು ಕಾರ್ಯಸ್ಮರಣೆ ಎನ್ನುತ್ತೇವೆ. ಸೆಕ್ಷನ್ 70ರ ಮೊದಲ ವಾಕ್ಯವೊಂದರಲ್ಲೇ ಪಕ್ಷಕಾರರು ಹತ್ತಕ್ಕೂ ಮೇಲೆ. ವಾಕ್ಯದ ತುದಿ ತಲುಪುವಷ್ಟರಲ್ಲಿ ಬುಡ ಮರೆತು ಹೋಗಿರುತ್ತದೆ. ಅದಕ್ಕೇ ನೀವು ಮತ್ತೆ ಮೇಲಿನಿಂದ ಓದುತ್ತೀರಿ. ಇದು ನಿಮ್ಮ ಮರೆವಲ್ಲ, ಆ ವಾಕ್ಯದ ಕಟ್ಟೇ ಹಾಗಿದೆ. ವಕೀಲರೂ ಹೀಗೇ ಹಿಂದೆ ಮುಂದೆ ಓದುತ್ತಾರೆ.

ಕಾದಂಬರಿಯಲ್ಲೂ ಪಾತ್ರಗಳು ಹತ್ತಾರು ಇರುತ್ತವೆ, ಆದರೆ ಅವು ಒಂದೇ ವಾಕ್ಯದಲ್ಲಿ ಬಂದು ಸಾಲಾಗಿ ನಿಲ್ಲುವುದಿಲ್ಲ. ಒಬ್ಬೊಬ್ಬರೇ ಬರುತ್ತಾರೆ, ಏನೋ ಮಾಡುತ್ತಾರೆ, ನಮಗೆ ಪರಿಚಯವಾಗುತ್ತಾರೆ. ಓದುವಾಗ ನಾವು ಶಬ್ದಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವುದಷ್ಟೇ ಅಲ್ಲ, ಬರಹ ಹೇಳುತ್ತಿರುವ ಸನ್ನಿವೇಶದ ಒಂದು ಚಿತ್ರವನ್ನು ಒಳಗೆ ಕಟ್ಟುತ್ತ ಹೋಗುತ್ತೇವೆ. ಓದಿನ ಗ್ರಹಿಕೆಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ವಾಲ್ಟರ್ ಕಿಂಚ್ ವಿವರಿಸಿದ್ದು ಇದನ್ನೇ. ಕಾದಂಬರಿಯಲ್ಲಿ ಈ ಚಿತ್ರ ಕಟ್ಟುವ ಶ್ರಮವೆಲ್ಲ ಮೊದಲ ಮೂವತ್ತು ನಲವತ್ತು ಪುಟಗಳಲ್ಲಿ. ಮನೆ ಯಾವುದು, ಯಾರು ಯಾರ ಮಗಳು, ಯಾರಿಗೆ ಯಾರ ಮೇಲೆ ಸಿಟ್ಟು ಎಂದು ಒಮ್ಮೆ ತಿಳಿದರೆ ಆಮೇಲೆ ಓದು ತಾನಾಗಿ ಓಡುತ್ತದೆ. ಜನ ಕಾದಂಬರಿಯನ್ನು ಅರ್ಧಕ್ಕೆ ಬಿಡುವುದು ಹೆಚ್ಚಾಗಿ ಆ ಮೊದಲ ಪುಟಗಳಲ್ಲೇ ಎಂಬುದನ್ನು ನೀವೂ ಗಮನಿಸಿರಬಹುದು. ಕಾಯ್ದೆ ಪುಸ್ತಕದಲ್ಲಿ ಆ ಮೊದಲ ಪುಟಗಳ ಶ್ರಮ ಮುಗಿಯುವುದೇ ಇಲ್ಲ. ಸೆಕ್ಷನ್ 63 ಲೆಕ್ಕಪರಿಶೋಧನೆ, 64 ವಿಚಾರಣೆ, 70 ವಿವಾದ. ಪ್ರತಿ ಸೆಕ್ಷನ್ನಿಗೂ ಹೊಸ ಚಿತ್ರ ಕಟ್ಟಬೇಕು.

ಎರಡನೆಯದು ಪೂರ್ವಜ್ಞಾನ. ಇದಕ್ಕೆ ಎಷ್ಟು ಬೆಲೆ ಇದೆ ಎಂದು ಜನರಿಗೆ ಗೊತ್ತಿಲ್ಲ. ಪತ್ರಿಕೆಯಲ್ಲಿ ಶಿರಸಿ ಮಾರುಕಟ್ಟೆಯ ಅಡಿಕೆ ಧಾರಣೆ ಬರುತ್ತದಲ್ಲ: ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಪ್ರತಿಯೊಂದಕ್ಕೂ ಕನಿಷ್ಠ ದರ, ಗರಿಷ್ಠ ದರ. ನಿಮ್ಮೂರಿನ ತೋಟಿಗರು ಅದರ ಮೇಲೆ ಒಮ್ಮೆ ಕಣ್ಣಾಡಿಸಿ ‘ಚಾಲಿ ಏರಿದೆ, ರಾಶಿ ಹಾಗೇ ಇದೆ’ ಎಂದು ಹೇಳಿ ಪುಟ ಮಗುಚುತ್ತಾರೆ. ಅದನ್ನೇ ಕಾರವಾರದ ಬೈತಖೋಲದ ಮೀನುಗಾರರ ಕೈಗೆ ಕೊಟ್ಟರೆ ಅದು ಕಷ್ಟದ ಓದು. ಸಿಪ್ಪೆಗೋಟು, ಅಂದರೆ ಸಿಪ್ಪೆ ಸಮೇತದ ಅಡಿಕೆ, ಒಣಗಿಸಿ ಸುಲಿದದ್ದು ಯಾವುದು, ಹಸಿ ಅಡಿಕೆ ಸುಲಿದು ಬೇಯಿಸಿದ್ದು ಯಾವುದು ಎಂಬ ಚಿತ್ರವೇ ಅವರಲ್ಲಿ ಇಲ್ಲ. ಅವರ ಬಂಗಡೆ, ತಾರ್ಲೆ, ಇಸವಾಣದ ದರದ ಮಾತು ನಿಮಗೂ ಹಾಗೇ. ಇಬ್ಬರೂ ಕನ್ನಡ ಓದಬಲ್ಲವರೇ, ಇಬ್ಬರೂ ಬುದ್ಧಿವಂತರೇ.

ಇದನ್ನು ಪ್ರಯೋಗದಲ್ಲೂ ತೋರಿಸಿದ್ದಾರೆ. ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ 1972ರಲ್ಲಿ ಒಂದು ಪ್ಯಾರಾ ತಯಾರಿಸಿದರು. ವಸ್ತುಗಳನ್ನು ಗುಂಪು ಮಾಡಿ, ಒಮ್ಮೆಗೇ ಬಹಳ ಹಾಕಬೇಡಿ, ಮುಗಿದ ಮೇಲೆ ಮತ್ತೆ ಗುಂಪು ಮಾಡಿ ಎಂಬಂಥ ಸರಳ ವಾಕ್ಯಗಳು. ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ‘ಇದು ಬಟ್ಟೆ ಒಗೆಯುವುದರ ಬಗ್ಗೆ’ ಎಂದು ಮೊದಲೇ ಹೇಳಿದವರಿಗೆ ಪ್ರತಿ ಮಾತೂ ಅರ್ಥವಾಯಿತು, ನೆನಪಿನಲ್ಲೂ ಹೆಚ್ಚು ಉಳಿಯಿತು. ಕೇಳಿ ಮುಗಿದ ಮೇಲೆ ವಿಷಯ ಹೇಳಿದರೆ ಪ್ರಯೋಜನವಾಗಲಿಲ್ಲ. ನನಗೆ ಇದರಲ್ಲಿ ಬಹಳ ಮುಖ್ಯವಾಗಿ ಕಾಣುವುದು ಆ ಕೊನೆಯ ಅಂಶ. ವಿಷಯ ಏನೆಂಬುದು ಓದುವ ಮೊದಲೇ ಗೊತ್ತಿರಬೇಕು. ಇನ್ನೊಂದು ಪ್ರಯೋಗ 1988ರದ್ದು, ರೆಕ್ಟ್ ಮತ್ತು ಲೆಸ್ಲಿ ಅವರದ್ದು. ಅಮೆರಿಕದ ಏಳು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು.

ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಕ್ಷಗಾನದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಧರ್ಮ, ರಾಜನೀತಿ, ಋಣ ಎಂದು ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವವರು, ಗಂಟೆಗಟ್ಟಲೆ ವಾದ ಹೂಡುತ್ತಾರೆ. ಆ ವಾದದ ಸೂಕ್ಷ್ಮ ಯಾವ ಕಾಯ್ದೆಗೂ ಕಡಿಮೆಯಲ್ಲ. ಆದರೂ ನಮ್ಮವರು ನಡುರಾತ್ರಿ ಕಳೆದರೂ ಎದ್ದು ಹೋಗುವುದಿಲ್ಲ. ಕರ್ಣ ಯಾರು, ಕೃಷ್ಣ ಯಾಕೆ ಬಂದ ಎಂಬುದು ಹೊಸದಾಗಿ ತಿಳಿಯಬೇಕಾಗಿಲ್ಲ. ಅದು ಅಜ್ಜಿಯ ಬಾಯಿಂದಲೇ ಬಂದಿರುತ್ತದೆ. ಮನಸ್ಸು ಪೂರ್ತಿಯಾಗಿ ವಾದದ ಕಡೆಗೇ ಇರಬಹುದು. ಹಾಗಾಗಿ ‘ಕಷ್ಟದ ವಿಷಯ ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ಬೇರಿನ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕಾಗಿ ಓದುವುದೆಲ್ಲ ಬೇಸರವೇ ಆಗಿದ್ದರೆ ಅಡಿಕೆಯ ಕೊಳೆರೋಗದ ಕರಪತ್ರವನ್ನು ಯಾರೂ ಓದುತ್ತಿರಲಿಲ್ಲ. ಬೋರ್ಡೋ ದ್ರಾವಣ ಮಾಡುವ ವಿಧಾನ ಅದರಲ್ಲಿರುತ್ತದೆ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸುವುದು, ತಿಕ್ಕಿ ಬೆಳಗಿದ ಕತ್ತಿಯನ್ನು ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ತಿಳಿಯುವುದು. ಶೈಲಿ ಎಂಬುದು ಅದರಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಮಳೆ ಹಿಡಿದು, ಅಡಿಕೆ ಮರ ಹತ್ತುವ ಕೊನೆಗೌಡ ನಾಳೆ ಮದ್ದು ಹೊಡೆಯಲು ಬರುವವನಿದ್ದಾನೆ ಎಂದಾಗ ತೋಟದ ಯಜಮಾನರು ಅದನ್ನು ಒಂದಕ್ಷರ ಬಿಡದೆ ಓದುತ್ತಾರೆ. ಸುಣ್ಣ ಎಷ್ಟು, ಯಾವುದಕ್ಕೆ ಯಾವುದನ್ನು ಸುರಿಯಬೇಕು ಎಂಬುದು ಆ ಹೊತ್ತಿಗೆ ಅವರದೇ ಪ್ರಶ್ನೆ. ಇದೇ ಕರಪತ್ರವನ್ನು ನಮ್ಮ ಕಾಲೇಜಿನಲ್ಲಿ ‘ನಾಳೆ ಪರೀಕ್ಷೆಗೆ ಬರುತ್ತದೆ’ ಎಂದು ಹಂಚಿದರೆ ಅರ್ಧ ತರಗತಿ ತೂಕಡಿಸುತ್ತದೆ.

ಕಾದಂಬರಿಯನ್ನು ನೀವು ಆರಿಸಿಕೊಂಡಿದ್ದು ನೀವೇ. ಬೇಡವೆನಿಸಿದರೆ ಮುಚ್ಚಿಡುತ್ತೀರಿ, ನಾಲ್ಕು ಪುಟ ಹಾರಿಸುತ್ತೀರಿ, ಕೊನೆಯ ಪುಟ ಮೊದಲೇ ಓದುತ್ತೀರಿ, ಕೇಳುವವರಿಲ್ಲ. ಈ ಸ್ವಾತಂತ್ರ್ಯ ಹೋದಾಗ ಇಷ್ಟದ ಕೆಲಸವೂ ಭಾರವಾಗುತ್ತದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿದರು. ಕೆಲವರಿಗೆ ‘ಚಿತ್ರ ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿದರು, ಕೊಟ್ಟರು. ಕೆಲವು ದಿನ ಬಿಟ್ಟು, ಬಿಡುವಿನ ಹೊತ್ತಿನಲ್ಲಿ ಬಣ್ಣದ ಪೆನ್ನು ಮುಂದಿಟ್ಟು ನೋಡಿದಾಗ, ಬಹುಮಾನಕ್ಕಾಗಿ ಬರೆದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಬಹುಮಾನ ಬಂತು, ಆಸೆ ಹೋಯಿತು. ನಿಮ್ಮ ಮಗನ ವಿಷಯಕ್ಕೆ ಇದನ್ನು ನೆನಪಿನಲ್ಲಿಡಿ, ಮುಂದೆ ಹೇಳುತ್ತೇನೆ.

ಇದರ ಜೊತೆಗೇ ಬರುವ ಇನ್ನೊಂದು ತೊಂದರೆ ಕಾವಲು. ಪರೀಕ್ಷೆಗೆ ಓದುವಾಗ ಓದುವವರು ಇಬ್ಬರಾಗುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ‘ಇದು ನೆನಪಿರುತ್ತದೆಯೇ? ಇದು ಬರುತ್ತದೆಯೇ? ಹಿಂದಿನದು ಮರೆತೆಯಾ?’ ಎಂದು ಕೇಳುತ್ತಲೇ ಇರುತ್ತಾರೆ. ಕಾರ್ಯಸ್ಮರಣೆಯ ಆ ನಾಲ್ಕು ಜಾಗಗಳಲ್ಲಿ ಒಂದೋ ಎರಡೋ ಈ ಕಾವಲಿಗೇ ಹೋಗುತ್ತವೆ. ಕಾದಂಬರಿಯಲ್ಲಿ ನಾಯಕಿಯ ಸೋದರಮಾವನ ಹೆಸರು ಮರೆತರೆ ನಿಮ್ಮನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಮರೆಯುವ ಹಕ್ಕು ನಿಮಗಿದೆ. ಓದುವ ಉದ್ದೇಶ ಬದಲಾದರೆ ಓದುವ ರೀತಿಯೂ ಬದಲಾಗುತ್ತದೆ ಎಂಬುದನ್ನು ರಾಲ್ಫ್ ಜ್ವಾನ್ 1994ರಲ್ಲಿ ತೋರಿಸಿದ್ದಾರೆ. ಒಂದೇ ಬರಹವನ್ನು ಕೆಲವರಿಗೆ ಸುದ್ದಿ ಎಂದು, ಕೆಲವರಿಗೆ ಸಾಹಿತ್ಯ ಎಂದು ಕೊಟ್ಟರು. ಸಾಹಿತ್ಯವೆಂದು ತಿಳಿದವರು ನಿಧಾನವಾಗಿ ಓದಿದರು, ಬರಹದ ಮಾತುಗಳನ್ನೇ ಹೆಚ್ಚು ನೆನಪಿಟ್ಟರು. ಸುದ್ದಿಯೆಂದು ತಿಳಿದವರಲ್ಲಿ ನಡೆದದ್ದೇನು ಎಂಬುದು ಹೆಚ್ಚು ಉಳಿಯಿತು. ಬರಹದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಸಂತೋಷಕ್ಕೆ ಓದುವವರನ್ನು ಅಧ್ಯಯನ ಮಾಡಿದ ದಕ್ಷಿಣ ಆಫ್ರಿಕಾದ ವಿಕ್ಟರ್ ನೆಲ್ ಎಂಬ ಮನೋವಿಜ್ಞಾನಿ ಇನ್ನೊಂದು ಸಂಗತಿ ಗಮನಿಸಿದರು: ಅವರ ವೇಗ ಪುಟದಿಂದ ಪುಟಕ್ಕೆ ಬದಲಾಗುತ್ತದೆ, ಬಹಳ ಇಷ್ಟವಾದ ಪುಟಗಳಲ್ಲಿ ನಿಧಾನಿಸುತ್ತಾರೆ. ಪರೀಕ್ಷೆಗೆ ಓದುವವರು ಭಯದಿಂದ ಎಲ್ಲ ಸಾಲನ್ನೂ ಒಂದೇ ವೇಗದಲ್ಲಿ ಓದುತ್ತಾರೆ. ಬೇಗ ದಣಿಯುವುದು ಅದರಿಂದಲೇ ಎಂದು ನನ್ನ ಎಣಿಕೆ.

ತೂಕಡಿಕೆಯ ಬಗ್ಗೆ ಎರಡು ಮಾತು. ಕಾಯ್ದೆ ಪುಸ್ತಕ ನಿದ್ದೆ ತರಿಸುವುದಿಲ್ಲ. ಬೆಳಿಗ್ಗೆಯಿಂದ ದುಡಿದ ದೇಹದಲ್ಲಿ ನಿದ್ದೆ ಆಗಲೇ ಕಾದು ಕೂತಿರುತ್ತದೆ. ಕಾದಂಬರಿಯ ಕುತೂಹಲ ಅದನ್ನು ತಡೆದಿಡುತ್ತದೆ, ಕಾಯ್ದೆ ತಡೆಯುವುದಿಲ್ಲ, ಅಷ್ಟೇ. ಆದ್ದರಿಂದ ರಾತ್ರಿ ಹತ್ತರ ಮೇಲೆ ಕಾಯ್ದೆ ಓದುವುದನ್ನು ಬಿಟ್ಟುಬಿಡಿ. ಬೆಳಿಗ್ಗೆ ಆಸರಿ (ಚಹಾ, ಕಾಫಿ) ಕುಡಿದ ಮೇಲಿನ ಅರ್ಧ ಗಂಟೆ ಸಿಕ್ಕಿದರೆ ಅದು ರಾತ್ರಿಯ ಎರಡು ಗಂಟೆಗಿಂತ ಹೆಚ್ಚು. ಬೆಳಿಗ್ಗೆ ನಿಮಗೆ ಸಾಧ್ಯವೇ ಇಲ್ಲವೆಂದಾದರೆ ಮನೆಯ ಕೆಲಸದಲ್ಲಿ ಬೇರೆಯವರೂ ಕೈಹಾಕಬೇಕು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆಫೀಸು ಮತ್ತು ಅಡುಗೆ ಎರಡನ್ನೂ ಒಬ್ಬರೇ ಮುಗಿಸಿ ಆಮೇಲೆ ಪರೀಕ್ಷೆಗೂ ಓದು ಎನ್ನುವುದು ನ್ಯಾಯವಲ್ಲ.

ಮೊಬೈಲಿನದ್ದೂ ಪಾಲಿದೆ, ಆದರೆ ನೀವು ಭಾವಿಸಿದ ರೀತಿಯಲ್ಲಿ ಅಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಒಂದು ಪ್ರಶ್ನೆ ನೋಡಿ, ಉತ್ತರಿಸದೆ ಪುಸ್ತಕಕ್ಕೆ ಮರಳಿದರೆ ಮುಂದಿನ ಸೆಕ್ಷನ್ ಪೂರ್ತಿ ಆ ಪ್ರಶ್ನೆಯೇ ತಲೆಯಲ್ಲಿ. ಹಾಗೆಯೇ ಕಾಯ್ದೆಯನ್ನು ಮೊಬೈಲ್ ಪರದೆಯ ಮೇಲೆ ಓದುತ್ತಿದ್ದರೆ ಕಾಗದಕ್ಕೆ ಬದಲಾಯಿಸಿ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಮಾಹಿತಿಯ ಬರಹ ಕಾಗದದ ಮೇಲೆ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ. ಸಮಯದ ಒತ್ತಡವಿದ್ದರಂತೂ ಇನ್ನೂ ಹೆಚ್ಚು. ಬರೀ ಕಥೆಯಾದರೆ ಕಾಗದಕ್ಕೂ ಪರದೆಗೂ ವ್ಯತ್ಯಾಸ ಕಾಣಲಿಲ್ಲ. ಕಾದಂಬರಿ ಮೊಬೈಲಿನಲ್ಲೇ ಓದಿ, ತೊಂದರೆಯಿಲ್ಲ. ಕಾಯ್ದೆಗೆ ಐವತ್ತು ರೂಪಾಯಿಯ ಜೆರಾಕ್ಸ್ ಮಾಡಿಸುವುದು ಲಾಭ.

ಇನ್ನು ಒಂದು ಸಂಗತಿಯನ್ನು ನೀವು ನಂಬಲೇಬೇಕು. ಕಷ್ಟ ಎನಿಸುವುದು ಕಲಿಯುತ್ತಿಲ್ಲ ಎಂಬುದರ ಗುರುತಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಓದಿಸಿದರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಬರಹವನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ: ಅವರು ಶೇಕಡಾ 81, ಬರೆದವರು 75. ಒಂದು ವಾರದ ನಂತರ ತಿರುವುಮುರುವು: ಬರೆದವರು ಶೇಕಡಾ 56, ಮತ್ತೆ ಓದಿದವರು 42. ಮತ್ತೆ ಮತ್ತೆ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ, ‘ಬಂತು’ ಎನಿಸುತ್ತದೆ, ಪರೀಕ್ಷೆಯ ದಿನ ಬರುವುದಿಲ್ಲ. ಹಳದಿ ಪೆನ್ನಿನಿಂದ ಸಾಲು ಬಳಿಯುವುದೂ ಇದೇ ಗುಂಪಿಗೆ ಸೇರಿದ್ದು. ನೋಡಲು ಓದಿದಂತೆ ಕಾಣುತ್ತದೆ, ಫಲ ಕಡಿಮೆ. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ತಿಣುಕುವ ಆ ಎರಡು ನಿಮಿಷ ಇದೆಯಲ್ಲ, ಕಲಿಕೆ ಆಗುವುದು ಅಲ್ಲಿ. ಕಾದಂಬರಿಯಷ್ಟು ಸುಲಭವಾಗಿ ಕಾಯ್ದೆ ಓದುವ ಉಪಾಯ ಹೇಳಿಕೊಡಿ ಎಂದು ನೀವು ಕೇಳಿದ್ದರೆ, ಅಂಥದ್ದು ಇಲ್ಲ ಎಂದೇ ಹೇಳುತ್ತಿದ್ದೆ. ಆದರೆ ಕಾದಂಬರಿ ಪುಕ್ಕಟೆಯಾಗಿ ಕೊಡುವುದನ್ನು ಕಾಯ್ದೆಗೆ ನೀವೇ ಕೊಡಬಹುದು: ಒಂದು ಪ್ರಶ್ನೆ, ಪರಿಚಿತ ಮುಖಗಳು, ಬಿಟ್ಟು ಓದುವ ಸ್ವಾತಂತ್ರ್ಯ.

ಸೆಕ್ಷನ್ 70ಕ್ಕೇ ಮರಳೋಣ. ಅದನ್ನು ಮೇಲಿನಿಂದ ಕೆಳಗೆ ಓದಬೇಡಿ. ಮೊದಲು ನಿಮ್ಮ ಸಂಘದ ಕಪಾಟಿನಲ್ಲಿರುವ ಒಂದು ಸುಸ್ತಿ ಸಾಲದ ಕಡತ ನೆನಪಿಸಿಕೊಳ್ಳಿ. ಸಾಲ ಪಡೆದ ಸದಸ್ಯ ತೀರಿಹೋಗಿದ್ದಾನೆ ಎಂದಿಟ್ಟುಕೊಳ್ಳಿ. ಮಗ ತೋಟ ನೋಡಿಕೊಳ್ಳುತ್ತಿದ್ದಾನೆ, ಆದರೆ ಸಂಘದ ಸದಸ್ಯನಲ್ಲ, ‘ಅಪ್ಪನ ಸಾಲ ನನಗೆ ಸಂಬಂಧವಿಲ್ಲ’ ಎನ್ನುತ್ತಾನೆ. ಈಗ ಒಂದು ಚೀಟಿಯಲ್ಲಿ ಬರೆಯಿರಿ: ಈ ಮಗನ ಮೇಲೆ 70ರಲ್ಲಿ ದಾವೆ ಹಾಕಬಹುದೇ, ಅಥವಾ ಸಿವಿಲ್ ಕೋರ್ಟಿಗೆ ಹೋಗಬೇಕೇ? ಆಮೇಲೆ ಸೆಕ್ಷನ್ ತೆರೆದು ವಾಕ್ಯದ ತುದಿಯಿಂದ ಶುರು ಮಾಡಿ. ವಿವಾದ ನಿಬಂಧಕರಿಗೆ, ನ್ಯಾಯಾಲಯಕ್ಕಲ್ಲ. ಸರಿ, ಹೋಗುವ ಜಾಗ ತಿಳಿಯಿತು. ಇನ್ನು ಪಟ್ಟಿಯಲ್ಲಿ ನಿಮ್ಮ ಮಗನನ್ನು, ಅಂದರೆ ಆ ಸದಸ್ಯನ ಮಗನನ್ನು ಹುಡುಕಿ. ಸಂಘ ಮತ್ತು ಹಿಂದಿನ ಸಮಿತಿ? ಬೇಡ, ಹಾರಿಸಿ. ಸಂಘ ಮತ್ತು ಇನ್ನೊಂದು ಸಂಘ? ಅದೂ ಬೇಡ. ತೀರಿಹೋದ ಸದಸ್ಯನ ಮೂಲಕ ಬರುವವರು ಎಂಬಲ್ಲಿ ಕಣ್ಣು ನಿಲ್ಲುತ್ತದೆ, ಆದರೆ ಸಂಶಯ ಉಳಿಯುತ್ತದೆ: ಹಕ್ಕು ಕೇಳುವವರು ಎಂದಿದೆ, ಈತ ಹಕ್ಕು ಕೇಳುತ್ತಿಲ್ಲ, ನಾವು ಬಾಕಿ ಕೇಳುತ್ತಿದ್ದೇವೆ. ಆ ಸಂಶಯವೇ ನಿಮ್ಮನ್ನು ಎರಡನೇ ಉಪಪ್ರಕರಣಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸ್ಪಷ್ಟವಾಗಿಯೇ ಇದೆ: ಸದಸ್ಯನಿಂದ, ಅಥವಾ ತೀರಿಹೋದ ಸದಸ್ಯನ ನಾಮನಿರ್ದೇಶಿತರು, ವಾರಸುದಾರರು, ಕಾನೂನುಬದ್ಧ ಪ್ರತಿನಿಧಿಗಳಿಂದ ಸಂಘಕ್ಕೆ ಬರಬೇಕಾದ ಬಾಕಿಯ ಕ್ಲೇಮು, ಅವರು ಅದನ್ನು ಒಪ್ಪಿರಲಿ ಬಿಡಲಿ, ಈ ಸೆಕ್ಷನ್ನಿನ ವಿವಾದವೇ. ಮಗ ಒಳಗೆ ಬಂದ. ಅದರ ಕೆಳಗೇ ಜಾಮೀನುದಾರನ ವಿಷಯವೂ ಇದೆ: ಸಂಘ ಜಾಮೀನುದಾರನಿಂದ ವಸೂಲು ಮಾಡಿದರೆ, ಆತ ಮೂಲ ಸಾಲಗಾರನ ಮೇಲೆ ಕೇಳುವ ಹಣವೂ ಇಲ್ಲೇ ಬರುತ್ತದೆ. ಅದನ್ನು ಓದುವಾಗ ನಿಮಗೆ ಇನ್ನೊಂದು ಕಡತ ನೆನಪಾಗದೇ ಇರುವುದಿಲ್ಲ.

ಈಗ ಪುಸ್ತಕ ಮುಚ್ಚಿ, ಆ ಮಗನಿಗೆ ನೀವೇ ಕೌಂಟರಿನಲ್ಲಿ ನಿಂತು ವಿವರಿಸುವ ಹಾಗೆ ನಾಲ್ಕು ಸಾಲು ಬರೆಯಿರಿ. ತಪ್ಪಿದ್ದರೆ ತೆರೆದು ತಿದ್ದಿ. ಮರುದಿನ ಇನ್ನೊಂದು ಸೆಕ್ಷನ್ನಿಗೆ ಹೋಗುವ ಮೊದಲು ಹಿಂದಿನದನ್ನು ನೋಡದೆ ಮತ್ತೆ ಹೇಳಿಕೊಳ್ಳಿ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ದಿನಕ್ಕೆ ಒಂದೇ ಸೆಕ್ಷನ್ ಆದರೂ ಅಡ್ಡಿಯಿಲ್ಲ. ಹೊಸದಾಗಿ ಕಾಲೇಜು ಮುಗಿಸಿ ಈ ಪರೀಕ್ಷೆಗೆ ಓದುವ ಹುಡುಗರಿಗೆ ಇಲ್ಲದ ಒಂದು ಆಸ್ತಿ ನಿಮ್ಮಲ್ಲಿದೆ. ಸಂಘದ ಕಪಾಟು ತುಂಬ ಇರುವುದು ಕಾಯ್ದೆಯ ಕಥೆಗಳೇ. ವಾರ್ಷಿಕ ಮಹಾಸಭೆ, ಆಡಿಟ್ ವರದಿ, ಆಡಳಿತ ಮಂಡಳಿಯ ಚುನಾವಣೆ, ಎಲ್ಲವನ್ನೂ ನೀವು ಕಣ್ಣಾರೆ ನೋಡಿದ್ದೀರಿ. ಹಾಗಾಗಿ ಸೆಕ್ಷನ್ 1ರಿಂದ ಶುರು ಮಾಡಬೇಡಿ. ವ್ಯಾಖ್ಯೆಗಳ ಸೆಕ್ಷನ್ನಿನಲ್ಲಿ ಎಷ್ಟೋ ಜನ ಮುಳುಗಿಹೋಗುತ್ತಾರೆ. ನಿಮ್ಮ ಟೇಬಲ್ಲಿಗೆ ಬರುವ ಕೆಲಸ ಯಾವುದೋ ಅಲ್ಲಿಂದ ಹಿಡಿದು, ಶಬ್ದ ಅರ್ಥವಾಗದಾಗ ಮಾತ್ರ ವ್ಯಾಖ್ಯೆಗೆ ಹೋಗಿ ಬನ್ನಿ.

ಸುತ್ತೋಲೆಗಳಿಗೆ ಇಷ್ಟು ಶ್ರಮ ಬೇಡ. ಸರ್ಕಾರಿ ಆದೇಶದ ರಚನೆ ನಿಮಗೆ ಗೊತ್ತೇ ಇದೆ: ಮೊದಲು ‘ಓದಲಾಗಿದೆ’ ಎಂದು ಹಳೆಯ ಪತ್ರಗಳ ಪಟ್ಟಿ, ಆಮೇಲೆ ಪ್ರಸ್ತಾವನೆ, ಕೊನೆಗೆ ಆದೇಶ. ವಿಷಯದ ಸಾಲು ನೋಡಿ ನೇರ ಆದೇಶದ ಭಾಗಕ್ಕೆ ಹೋಗಿ. ಯಾರು, ಏನು, ಯಾವ ತಾರೀಕಿನೊಳಗೆ ಮಾಡಬೇಕು ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಅದು ಯಾಕೆ ಬಂತು ಎಂಬ ಕುತೂಹಲ ಹುಟ್ಟಿದರೆ ಪ್ರಸ್ತಾವನೆ ಓದಿ. ಹುಟ್ಟದಿದ್ದರೆ ಕಡತಕ್ಕೆ ಸೇರಿಸಿ.

ಮಗನ ವಿಷಯ. ‘ಪಾಠ ಓದಿದರೆ ಅರ್ಧ ಗಂಟೆ ಮೊಬೈಲು’ ಎಂಬ ಒಪ್ಪಂದ ಮಾಡಬೇಡಿ. ಪಾಠ ಎಂದರೆ ಶಿಕ್ಷೆ, ಮೊಬೈಲು ಎಂದರೆ ಬಿಡುಗಡೆ ಎಂದು ನಾವೇ ಕಲಿಸಿದಂತಾಗುತ್ತದೆ. ‘ಕಥೆ ಪುಸ್ತಕ ಓದಿ ಸಾರಾಂಶ ಬರೆ’ ಎಂದೂ ಹೇಳಬೇಡಿ, ಇರುವ ಒಂದು ಸಂತೋಷವೂ ಹೋಗುತ್ತದೆ. ಅವನ ಶಾಲೆ ಇಂಗ್ಲಿಷ್ ಮಾಧ್ಯಮವೋ ಕನ್ನಡವೋ ನೀವು ಬರೆದಿಲ್ಲ. ಈಚೆಗೆ ಇಂಗ್ಲಿಷಿಗೆ ಬದಲಾಗಿದ್ದರೆ ಅವನ ಆಕಳಿಕೆಗೆ ಅರ್ಧ ಕಾರಣ ಅದೇ ಇರಬಹುದು, ಭಾಷೆ ಬಿಡಿಸುವುದರಲ್ಲೇ ತಲೆ ತುಂಬಿ ವಿಷಯಕ್ಕೆ ಜಾಗ ಉಳಿಯುವುದಿಲ್ಲ. ಪಾಠ ತೆರೆಯುವ ಮೊದಲು ಅದರ ವಿಷಯವನ್ನು ಮನೆಯಲ್ಲಿ ಕನ್ನಡದಲ್ಲಿ ಐದು ನಿಮಿಷ ಮಾತಾಡಿ. ಸೂಕ್ಷ್ಮಜೀವಿಗಳ ಪಾಠವೆಂದರೆ ತೋಟಕ್ಕೆ ಕರೆದೊಯ್ದು ಕೊಳೆತು ಉದುರಿದ ಅಡಿಕೆಯ ಮೇಲಿನ ಬಿಳಿ ಬೂಸಲು ತೋರಿಸಿ. ಇದು ಒಂದು ಮರದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ, ಮೈಲುತುತ್ತ ಹೊಡೆದರೆ ಯಾಕೆ ನಿಲ್ಲುತ್ತದೆ ಎಂದು ಅವನೇ ಕೇಳುವವರೆಗೆ ಕಾಯಿರಿ. ಕೇಳಿದ ಮೇಲೆ ಪುಸ್ತಕ ಕೊಡಿ.

ಕೊನೆಗೆ ವಯಸ್ಸಿನ ಮಾತು. ಮೂವತ್ತೊಂಬತ್ತಕ್ಕೆ ಬುದ್ಧಿ ಮಂಕಾಗುವುದಿಲ್ಲ, ಆದರೆ ನಲವತ್ತರ ಆಸುಪಾಸಿನಲ್ಲಿ ಹತ್ತಿರದ ನೋಟ ಸಡಿಲವಾಗುವುದು ಸಾಮಾನ್ಯ. ಕಾಯ್ದೆ ಪುಸ್ತಕಗಳ ಅಕ್ಷರ ಕಾದಂಬರಿಗಿಂತ ಸಣ್ಣದು, ಸಾಲುಗಳು ಒತ್ತೊತ್ತು. ಪುಸ್ತಕವನ್ನು ದೂರ ಹಿಡಿದರೆ ಸ್ಪಷ್ಟವಾಗುತ್ತದೆಯೇ, ಓದಿದ ಮೇಲೆ ಹಣೆ ನೋಯುತ್ತದೆಯೇ ನೋಡಿ, ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಇಷ್ಟದ ಕಾದಂಬರಿಯೂ ಹಿಡಿಸುತ್ತಿಲ್ಲ, ಮಾತಾಡಲೂ ಮನಸ್ಸಿಲ್ಲ, ನಿದ್ದೆ ಊಟ ತಪ್ಪಿದೆ ಎಂಬ ಸ್ಥಿತಿ ಯಾವಾಗಲಾದರೂ ಬಂದು ಎರಡು ವಾರ ದಾಟಿದರೆ ಅದು ಓದಿನ ಪ್ರಶ್ನೆಯಲ್ಲ, ವೈದ್ಯರ ಹತ್ತಿರ ಹೋಗಬೇಕು. ನಿಮ್ಮ ಪತ್ರದಲ್ಲಿ ಅಂಥದ್ದು ಏನೂ ಕಾಣುವುದಿಲ್ಲ. ಪರೀಕ್ಷೆಯ ತಾರೀಕು ಮತ್ತು ಪಠ್ಯಕ್ರಮ ಕಳಿಸಿದರೆ ಯಾವ ಸೆಕ್ಷನ್‌ಗಳನ್ನು ಮೊದಲು ಹಿಡಿಯಬಹುದು ಎಂದು ಒಂದು ಕ್ರಮ ಹಾಕಿ ಕೊಡುತ್ತೇನೆ.